ಗಂಗವ್ವ ಒತ್ತಿದ ಹಸಿರು ಚುಕ್ಕಿ

ಬ್ಯಾಡಗಿಗೆ ಬಂದ ಮೊದಲ ವಾರವೇ ಇಪ್ಪತ್ತೆರಡು ಹೆಂಗಸರಿಗೆ ಉಸಿರಾಡುವುದನ್ನು ಕಲಿಸಲು ಹೋಗಿ, ನಾನೇ ಉಸಿರುಕಟ್ಟಿ ಹೊರಗೆ ಓಡಿದೆ. "ಕಣ್ಣು ಮುಚ್ಚಿಕೊಳ್ಳಿ, ನಿಧಾನವಾಗಿ, ಆಳವಾಗಿ ಉಸಿರು ಎಳೆದುಕೊಳ್ಳಿ" ಎಂದು ಹೇಳಿ, ತೋರಿಸಿಕೊಡುವ ಉತ್ಸಾಹದಲ್ಲಿ ಮೊದಲು ನಾನೇ ಎಳೆದುಕೊಂಡೆ. ಅದು ಮೆಣಸಿನಕಾಯಿ ಶೆಡ್ಡು, ಸುತ್ತ ಆಳೆತ್ತರದ ರಾಶಿ. ಘಾಟು ನೆತ್ತಿಗೇರಿ ಕಣ್ಣು, ಮೂಗು ಎಲ್ಲ ಒಟ್ಟಿಗೇ ಸುರಿಯತೊಡಗಿದವು. ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದರೆ ಶೆಡ್ಡಿನೊಳಗಿಂದ ನಗು ಕೇಳಿಸುತ್ತಿತ್ತು. ಒಬ್ಬ ಹೆಂಗಸು ತಂಬಿಗೆಯಲ್ಲಿ ನೀರು ತಂದುಕೊಟ್ಟು, "ಇಲ್ಲಿ ಹಂಗ ಜೋರ್ ಉಸರ ತಗೋಬಾರದ್ರೀ ಬಾಯಾರ. ಸಣ್ಣಗ ತಗೋಬೇಕು, ಯಾರಿಗೂ ಗೊತ್ತಾಗಧಂಗ" ಎಂದಳು. ಅವಳೇ ಗಂಗವ್ವ, ಆ ಶೆಡ್ಡಿನಲ್ಲಿ ಚಹಾ ಮಾಡುವವಳು.

ನಮ್ಮ ಕೊಳ್ಳೇಗಾಲದವರಿಗೆ ಬ್ಯಾಡಗಿ ಎಂದರೆ ದಿನಸಿ ಚೀಟಿಯಲ್ಲಿ ಬರೆಯುವ ಒಂದು ಪದ. ಅದು ಒಂದು ಊರು, ಅಲ್ಲಿ ರೈಲು ನಿಲ್ಲುತ್ತದೆ, ಜನ ಮದುವೆಯಾಗುತ್ತಾರೆ, ಬೇಜಾರು ಮಾಡಿಕೊಳ್ಳುತ್ತಾರೆ ಎಂಬುದು ನನಗೂ ಹೊಳೆದಿರಲಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ನಾನು ಇಲ್ಲಿಗೆ ಬಂದದ್ದು ಕೆಲಸಕ್ಕಾಗಿ. ಬೆಂಗಳೂರಿನ ಒಂದು ಸಂಸ್ಥೆಯವರು ಸಣ್ಣಪುಟ್ಟ ಖಿನ್ನತೆ, ಆತಂಕ, ಒತ್ತಡ ಇರುವವರಿಗಾಗಿ ಮೊಬೈಲ್ ಆ್ಯಪ್ ಮಾಡಿದ್ದರು. ಅದನ್ನು ದುಡಿಯುವ ಹೆಂಗಸರ ಫೋನಿಗೆ ಹಾಕಿಸಿ ದಿನಾ ಬಳಸುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆ್ಯಪ್ ತೆರೆದರೆ ಒಂದು ಗುಬ್ಬಿ ಕಾಣುತ್ತದೆ. ಅದು ಉಬ್ಬಿದಾಗ ಉಸಿರು ಎಳೆದುಕೊಳ್ಳಬೇಕು, ಕುಗ್ಗಿದಾಗ ಬಿಡಬೇಕು. ಆಮೇಲೆ ಐದು ಪ್ರಶ್ನೆ: ನಿದ್ದೆ ಬಂತೇ, ಊಟ ಸೇರಿತೇ, ಸುಮ್ಮಸುಮ್ಮನೆ ಹೆದರಿಕೆ ಆಯಿತೇ, ಅಳು ಬಂತೇ, ಕೆಲಸದಲ್ಲಿ ಮನಸ್ಸು ನಿಂತಿತೇ. ಉತ್ತರ ನೋಡಿ ಗುಬ್ಬಿ ಆ ದಿನಕ್ಕೊಂದು ಚುಕ್ಕಿ ಇಡುತ್ತದೆ. ಆರಾಮಿದ್ದರೆ ಹಸಿರು, ಅಷ್ಟಕ್ಕಷ್ಟೇ ಇದ್ದರೆ ಹಳದಿ, ಇಲ್ಲದಿದ್ದರೆ ಕೆಂಪು. ಮೂರು ದಿನ ಸತತ ಕೆಂಪು ಬಿದ್ದರೆ ಬೆಂಗಳೂರಿನಿಂದ ಆಪ್ತಸಮಾಲೋಚಕಿ ಫೋನ್ ಮಾಡುತ್ತಾರೆ. ಯಾರು ಏನು ಉತ್ತರಿಸಿದರೆಂದು ನನಗೆ ಕಾಣುವುದಿಲ್ಲ, ಚುಕ್ಕಿ ಮಾತ್ರ ಕಾಣುತ್ತದೆ. ಎರಡು ವರ್ಷ ಚೆನ್ನಾಗಿ ನಡೆಸಿದರೆ ಕೇಳಿದ ಊರಿಗೆ ವರ್ಗ ಕೊಡುತ್ತೇವೆ ಎಂದಿದ್ದರು. ಕೊಳ್ಳೇಗಾಲ ಎಂದು ಅರ್ಜಿಯಲ್ಲೇ ಬರೆದುಕೊಟ್ಟು ಬಸ್ಸು ಹತ್ತಿದ್ದೆ.

ಒಂಟಿ ಹೆಂಗಸಿಗೆ ಮನೆ ಸಿಗುವುದು ನಮ್ಮ ಕಡೆಯೂ ಕಷ್ಟ, ಇಲ್ಲಿಯೂ ಕಷ್ಟ. ಅದೊಂದರಲ್ಲಿ ಕರ್ನಾಟಕ ಏಕೀಕರಣ ಪೂರ್ತಿಯಾಗಿದೆ. ಕೊನೆಗೆ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಜರಾಬಿ ಎಂಬ ವಯಸ್ಸಾದ ಹೆಂಗಸು ತಮ್ಮ ಮನೆಗೆ ಅಂಟಿಕೊಂಡ ಖೋಲಿ ಕೊಟ್ಟರು. ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ಗಂಡ ಎಲ್ಲಿ, ಜಾತಿ ಯಾವುದು ಎಂದು ಅವರು ಕೇಳಲಿಲ್ಲ. "ಒಬ್ಬಾಕೀನ ಏನ್ ಬೇಯಿಸಿಕೋತಿ? ರೊಟ್ಟಿ ನಮ್ಮಲ್ಲೇ ತಿನ್ನು" ಎಂದರು, ಅಷ್ಟೇ. ಅವರ ಮಗ ದಾದಾಪೀರನಿಗೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಸೊಸೆ ನೂರಜಹಾನ್ ರಾಣೆಬೆನ್ನೂರಿನವಳು. ಮೆಣಸಿನಕಾಯಿಯ ತುಂಬು ಬಿಡಿಸಲು, ಎಂದರೆ ತೊಟ್ಟು ಮುರಿಯಲು, ನಾನು ಹೋಗುತ್ತಿದ್ದ ಶೆಡ್ಡಿಗೇ ಬರುತ್ತಿದ್ದಳು. ಅವಳ ಮಗಳು ಆಯೇಶಾಗೆ ಈಗ ನಾಲ್ಕು ವರ್ಷ, ಅಕ್ಕ ಎಂಬರ್ಥದಲ್ಲಿ ನನ್ನನ್ನು ಆಪಾ ಎನ್ನುತ್ತಾಳೆ. ಮನೆಯೊಳಗೆ ಅವರವರಲ್ಲಿ ಉರ್ದು, ನನ್ನೊಂದಿಗೆ ಕನ್ನಡ. ಮೊದಲ ತಿಂಗಳು ನನಗೆ ಎರಡೂ ಒಂದೇ ಆಗಿತ್ತು.

ನಮ್ಮಲ್ಲಿ ಮುದ್ದೆ ನುಂಗುತ್ತೇವೆ, ಇಲ್ಲಿ ರೊಟ್ಟಿ ಅಗಿಯಬೇಕು. ಹದಿನೈದು ದಿನ ದವಡೆ ನೋಯುತ್ತಿತ್ತು. ನಮ್ಮಲ್ಲಿ ಜೋರು ದನಿ ಬಂದರೆ ಜಗಳ ಶುರುವಾಯಿತು ಎಂದೇ ಲೆಕ್ಕ, ಇಲ್ಲಿ ಅದೇ ದನಿಯಲ್ಲಿ ಚಹಾಕ್ಕೆ ಕರೆಯುತ್ತಾರೆ. "ಲಗೂ ಬಾ", ಬೇಗ ಬಾ, ಎಂದು ಹಾಜರಾಬಿ ಕೂಗಿದಾಗ ಏನು ತಪ್ಪು ಮಾಡಿದೆನೋ ಎಂದು ಹೆದರಿಕೊಂಡು ಹೋಗುತ್ತಿದ್ದೆ, ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಇರುತ್ತಿದ್ದವು. ಆರನೇ ತಿಂಗಳಲ್ಲಿ ಒಂದು ದಿನ ಸಂತೆಯಲ್ಲಿ ಬದನೆಕಾಯಿ ಮಾರುವವಳು ನನ್ನ ಮಾತು ಕೇಳಿ "ಯಾವ ಊರ್ರೀ ನಿಮ್ದು" ಎಂದು ಕೇಳಲಿಲ್ಲ. ಆ ಖುಷಿಗೆ ಬೇಡದಿದ್ದರೂ ಇನ್ನೊಂದು ಕಿಲೋ ತಂದೆ.

ಆದರೂ ಸಂಜೆಗಳು ಕಷ್ಟ ಕೊಟ್ಟವು. ಊರಿಂದ ಅಮ್ಮ ಫೋನ್ ಮಾಡಿ, "ಸಾಕು ಬಂದ್ಬುಡು ಕಣವ್ವ, ಏನಿಟ್ಟಿದ್ದೀಯ ಅಲ್ಲಿ" ಎಂದಾಗಲೆಲ್ಲ ಏನೋ ಹೇಳಿ ಫೋನಿಡುತ್ತಿದ್ದೆ. ಖೋಲಿಯ ಬಾಗಿಲು ಹಾಕಿಕೊಂಡು ನಾನೇ ಗುಬ್ಬಿಯನ್ನು ತೆರೆಯುತ್ತಿದ್ದೆ. ಅದು ಉಬ್ಬಿದಂತೆ ಉಬ್ಬಿ, ಕುಗ್ಗಿದಂತೆ ಕುಗ್ಗಿ, ಪ್ರಶ್ನೆಗಳಿಗೆ ಇದ್ದದ್ದು ಇದ್ದಂತೆ ಉತ್ತರ ಒತ್ತುತ್ತಿದ್ದೆ. ಹಳದಿ, ಹಳದಿ, ಒಂದೆರಡು ಕೆಂಪು, ಮತ್ತೆ ಹಳದಿ. ಎರಡು ತಿಂಗಳಿಗೆ ನಿದ್ದೆ ಸರಿಹೋಯಿತು. ಅದರ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ನನಗೆ ಕೆಲಸ ಮಾಡಿತು, ಯಾಕೆಂದರೆ ನನ್ನ ಕೈ ಶುದ್ಧವಿತ್ತು, ಖೋಲಿಗೆ ಒಳಗಿನಿಂದ ಚಿಲಕವಿತ್ತು.

ಶೆಡ್ಡಿನ ಹೆಂಗಸರಿಗೆ ಎರಡೂ ಇರಲಿಲ್ಲ. ದಿನವಿಡೀ ತುಂಬು ಬಿಡಿಸಿದ ಕೈ ಏನು ಮುಟ್ಟಿದರೂ ಅದಕ್ಕೆ ಖಾರ ಹತ್ತುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ನನ್ನ ಒತ್ತಾಯಕ್ಕೆ ಮೊದಲ ವಾರ ಕೆಲವರು ಅದೇ ಬೆರಳಲ್ಲಿ ಫೋನು ಒತ್ತಿದರು. ಒಬ್ಬಾಕೆ ಸಂಜೆ ಆ ಫೋನನ್ನು ಕೂಸಿನ ಕಿವಿಗಿಟ್ಟು ಅಪ್ಪನ ಜೊತೆ ಮಾತಾಡಿಸಿದಳಂತೆ. ಕೂಸು ಕೆನ್ನೆ ಉರಿದು ಕಿರುಚಿ ಓಣಿಯನ್ನೆಲ್ಲ ಒಟ್ಟುಗೂಡಿಸಿತು. ಮರುದಿನದಿಂದ ಯಾರೂ ಫೋನು ಮುಟ್ಟಲೊಲ್ಲರು. ಮನೆಗೆ ಹೋದ ಮೇಲೆ ಒತ್ತಿ ಎಂದರೆ ಅಲ್ಲಿ ಫೋನು ಗಂಡನ ಕೈಯಲ್ಲಿ, ಇಲ್ಲವೇ ಮಕ್ಕಳ ಕೈಯಲ್ಲಿ. ನನ್ನ ಪರದೆಯ ತುಂಬ ಚುಕ್ಕಿಯಿಲ್ಲದ ಬಿಳಿ ಖಾಲಿ ಚೌಕಗಳು, ಬೆಂಗಳೂರಿನಿಂದ ದಿನಾ ಫೋನು.

ಉಪಾಯ ತೆಗೆದವಳು ಗಂಗವ್ವ. ಚಹಾಕ್ಕೆ ಖಾರ ಹತ್ತಬಾರದೆಂದು ಅವಳು ಕಾಯಿ ಮುಟ್ಟುತ್ತಿರಲಿಲ್ಲ. ಶೆಡ್ಡಿನಲ್ಲಿ ಶುದ್ಧ ಕೈ ಎಂದರೆ ಅವಳದೊಂದೇ. ಬೆಳಿಗ್ಗೆ ಎಲ್ಲರೂ ಫೋನುಗಳನ್ನು ಒಂದು ಕೈಚೀಲಕ್ಕೆ ಹಾಕಿ ಅವಳಿಗೆ ಒಪ್ಪಿಸುವುದು, ಮಧ್ಯಾಹ್ನದ ಬುತ್ತಿಯಾದ ಮೇಲೆ ಅವಳು ಒಂದೊಂದಾಗಿ ತೆಗೆದು ಕೂಗಿ ಕೇಳುವುದು, ಅವರು ರಾಶಿಯ ಮುಂದೆ ಕುಳಿತಲ್ಲಿಂದಲೇ ಹೇಳುವುದು, ಅವಳು ಒತ್ತುವುದು.

"ಏ ರೇಣಕಾ, ನಿದ್ದಿ ಬಂತನ?"

"ಬಂತ ಬಂತ."

"ಏ ಮಾಬೂಬಿ, ನಿನಗ ಅಳು ಬಂತನ?"

"ಗಂಡ ಮನಿಗೆ ಬಂದಾಗ ಬಂತ ನೋಡು!"

ಎಲ್ಲರೂ ನಗುತ್ತಿದ್ದರು. ಗಂಗವ್ವ ಹಸಿರು ಬೀಳುವಂತೆ ಒತ್ತುತ್ತಿದ್ದಳು. ಹದಿನೈದು ನಿಮಿಷದಲ್ಲಿ ಇಪ್ಪತ್ತೆರಡು ಹಸಿರು ಚುಕ್ಕಿ. ನಾನು ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಒಬ್ಬರೇ ಕೂತು, ತಮ್ಮಷ್ಟಕ್ಕೆ ತಾವು ಉತ್ತರಿಸಬೇಕಾದ ಪ್ರಶ್ನೆಗಳನ್ನು ಹೀಗೆ ಹಾಜರಿ ಕೂಗುವಂತೆ ಕೂಗಬಾರದು ಎಂದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಅದೇ ಮೊದಲ ಪಾಠ. ಆದರೆ ಬೆಂಗಳೂರಿನ ಬೈಗುಳ ನಿಂತಿತ್ತು, ದಿನಾ ಬಳಸುವವರಲ್ಲಿ ನಮ್ಮ ಶೆಡ್ಡು ಎಲ್ಲರಿಗಿಂತ ಮುಂದಿದೆ ಎಂಬ ಹೊಗಳಿಕೆ ಬಂದಿತ್ತು. ನಾನು ಸುಮ್ಮನಿದ್ದೆ. ಕೊಳ್ಳೇಗಾಲ ಹತ್ತಿರವಾಗುತ್ತಿತ್ತು.

ನೂರಜಹಾನಳ ಸರದಿ ಬಂದಾಗ ಅವಳೂ "ಬಂತು" ಎನ್ನುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ.

ಎರಡನೇ ವರ್ಷದ ಸುಗ್ಗಿಯ ಹೊತ್ತಿಗೆ ಅವಳು ಬದಲಾಗಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಇದನ್ನು ಒಪ್ಪಿಕೊಳ್ಳಲೇಬೇಕು. ಸಂಜೆ ನನಗೆ ಬಡಿಸುತ್ತ ಚಮಚ ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದಳು. ಆಯೇಶಾಳ ತಲೆ ಬಾಚುತ್ತ ಅರ್ಧ ಜಡೆಗೆ ಕೈ ನಿಲ್ಲುತ್ತಿತ್ತು, ಹುಡುಗಿ "ಅಮ್ಮೀ" ಎಂದು ಜಗ್ಗಿದರೆ ಬೆಚ್ಚುತ್ತಿದ್ದಳು. ರೈಲು ಕೂಗಿದರೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಒಂದೆರಡು ಸಲ ಏನಾಯಿತು ಎಂದು ಕೇಳಲು ಬಾಯಿ ತೆರೆದೆ. ಕೇಳುವ ಮೊದಲು ಫೋನು ನೋಡಿದೆ. ಹಸಿರಿತ್ತು. ನನಗೆ ಅಷ್ಟು ಸಾಕಾಯಿತು.

ಫೆಬ್ರವರಿಯಲ್ಲಿ, ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕಾಯಿ ಬಂದು ಬಿದ್ದಿದ್ದಾಗ, ಅವಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದರೆ ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ಜ್ವರವಿಲ್ಲ, ನೋವಿಲ್ಲ. ಹಾಜರಾಬಿ ಕೆಟ್ಟವರಲ್ಲ. ಮೊದಲ ವಾರ ಗಂಜಿ ಮಾಡಿಕೊಟ್ಟರು, ದರ್ಗಾಕ್ಕೆ ಕರೆದುಕೊಂಡು ಹೋಗಿಬಂದರು. ಎರಡನೇ ವಾರ ಅವರ ತಾಳ್ಮೆ ತಪ್ಪಿತು. ದಾದಾಪೀರ ರಜೆಗೆ ಬಂದ ದಿನ ನನ್ನನ್ನು ನಡುಮನೆಗೆ ಕರೆದರು. ಅವಳು ಒಳಗಿನ ಕೋಣೆಯಲ್ಲಿ ಮಲಗಿದ್ದಳು. ನಡುವೆ ಒಂದು ಪರದೆ ಅಷ್ಟೇ.

"ಮಂಗಳಾ, ನೀ ಓದಿದಾಕಿ, ಖರೇ ಹೇಳು. ಮನಸಿಗೆ ಆರಾಮ ಇಲ್ಲಂದ್ರ ನಿನ್ನ ಫೋನಿನ್ಯಾಗ ಗೊತ್ತಾಗತೈತಿ ಅಂತೀಯಲ್ಲ. ಇಕಿದು ಏನ್ ತೋರಸ್ತೈತಿ?"

ಮೂರು ತಿಂಗಳ ಚುಕ್ಕಿಗಳು ನನ್ನ ಪರದೆಯ ಮೇಲಿದ್ದವು. ಎರಡು ವಾರದಿಂದ ಅವಳು ಶೆಡ್ಡಿಗೇ ಹೋಗಿರಲಿಲ್ಲ, ಆದರೂ ಹಸಿರು ನಿಂತಿರಲಿಲ್ಲ. ಅವಳ ಫೋನನ್ನು ಹಾಜರಾಬಿಯೇ ಬೆಳಿಗ್ಗೆ ಪಕ್ಕದ ಮನೆಯವಳ ಕೈಲಿ ಗಂಗವ್ವನಿಗೆ ಕಳಿಸುತ್ತಿದ್ದರು, ಆ್ಯಪಿನ ಬಾಯಾರಿಗೆ, ಅಂದರೆ ನನಗೆ, ತೊಂದರೆಯಾಗಬಾರದೆಂದು. ಫೋನು ಶೆಡ್ಡಿಗೆ ಹೋದರೆ ಸಾಕು, ಮಷಿನ್ನು ತಾನೇ ಎಲ್ಲ ತಿಳಿದುಕೊಳ್ಳುತ್ತದೆ ಎಂದು ಅವರು ನಂಬಿದ್ದರು. ಕೇಳುವವರಿಲ್ಲದಿದ್ದರೂ ಗಂಗವ್ವ ಒತ್ತುತ್ತಿದ್ದಳು. ಇದನ್ನೆಲ್ಲ ಆ ಕ್ಷಣದಲ್ಲಿ ಹೇಳಬಹುದಿತ್ತು. ಹೇಳಿದರೆ ಶೆಡ್ಡಿನ ಚುಕ್ಕಿಗಳೆಲ್ಲ ಸುಳ್ಳು ಎಂದಾಗುತ್ತಿತ್ತು. ವರ್ಗದ ಪತ್ರ ಬರಲು ಹದಿನೈದು ದಿನ ಉಳಿದಿತ್ತು.

"ಎಲ್ಲ ಹಸಿರೇ ಇದೆ" ಎಂದೆ. ಅಷ್ಟಕ್ಕೆ ನಿಲ್ಲಿಸದೆ ಫೋನನ್ನು ಅವರ ಕಡೆ ತಿರುಗಿಸಿ ತೋರಿಸಿದೆ.

"ನೋಡಪಾ ದಾದಾ" ಎಂದರು ಹಾಜರಾಬಿ ಮಗನಿಗೆ. "ಮಷಿನ್ ಸುಳ್ಳ ಹೇಳತೈತೇನು? ಮೈಗಳ್ಳತನ ಇದು. ತವರಮನಿಗೆ ಬಿಟ್ಟ ಬಾ. ಆರಾಮಾದ ಮ್ಯಾಲ ಬರಲಿ. ಕೂಸು ಇಲ್ಲೇ ಇರಲಿ."

ಮರುದಿನ ಮುಂಜಾನೆ ದಾದಾಪೀರ ಅವಳನ್ನು ರಾಣೆಬೆನ್ನೂರಿಗೆ ಕರೆದೊಯ್ದ. ಹೋಗುವಾಗ ಅವಳು ನನ್ನ ಖೋಲಿಯ ಕಡೆ ನೋಡಲಿಲ್ಲ. ಆಯೇಶಾ ಬಾಗಿಲಲ್ಲಿ ನಿಂತು ಕೈ ಬೀಸಿದಳು, ಸಂಜೆಗೆ ಬರುತ್ತಾರೆ ಎಂದುಕೊಂಡಿದ್ದಳು ಪಾಪ.

ಹೇಳಿದಂತೆ ಪತ್ರ ಬಂತು. ಕೊಳ್ಳೇಗಾಲಕ್ಕೆ ವರ್ಗ, ಜೊತೆಗೆ ಶಾಭಾಷ್. ಅಮ್ಮ ಫೋನಿನಲ್ಲೇ ಅತ್ತಳು. ನಾನು ಕುಣಿಯಬೇಕಿತ್ತು. ಅದೇ ಸಂಜೆ ಆಯೇಶಾ ನನ್ನ ಖೋಲಿಗೆ ಬಂದು, ತೊಡೆಯ ಮೇಲೆ ಕೂತು, ಫೋನಿನಲ್ಲಿ ಗುಬ್ಬಿ ತೋರಿಸು ಎಂದಳು. ತೋರಿಸಿದೆ. ಅದು ಉಬ್ಬಿ ಕುಗ್ಗುವುದನ್ನು ನೋಡುತ್ತ, "ಆಪಾ, ಅಮ್ಮಿ ಯಾವಾಗ ಬರ್ತಾಳಂತ ಇದಕ್ಕ ಕೇಳು" ಎಂದಳು. ಅವಳನ್ನು ಕೆಳಗಿಳಿಸಿ ಸೀದಾ ಹಾಜರಾಬಿಯ ಹತ್ತಿರ ಹೋದೆ.

ಎಲ್ಲ ಹೇಳಿದೆ. ಕೈಚೀಲ, ಗಂಗವ್ವ, ನಾನು ಪಕ್ಕದಲ್ಲಿ ಕೂತು ಚಹಾ ಕುಡಿದದ್ದು, ವರ್ಗ. ಅವರು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಆವತ್ತ ಯಾಕ ಹೇಳಲಿಲ್ಲ?" ಎಂದರು. "ನಾ ಏನೂ ತಿಳೀಲಾರದಾಕಿ, ಬೈದೆ, ಕಳಿಸಿದೆ. ನೀವು ತಿಳದವರು ಅಲ್ರಿ?"

ಅಲ್ಲಿಯವರೆಗೆ ಮಗಳಂತೆ 'ನೀ' ಎನ್ನುತ್ತಿದ್ದವರು ಆ ದಿನದಿಂದ ನನ್ನನ್ನು ನೀವು ಎನ್ನುತ್ತಾರೆ. ರೊಟ್ಟಿ ನಿಂತಿಲ್ಲ. ಮುಚ್ಚಿದ ತಟ್ಟೆ ಖೋಲಿಯ ಬಾಗಿಲಿಗೇ ಬರುತ್ತದೆ.

ಬೆಂಗಳೂರಿಗೂ ಬರೆದೆ. ಕೆಲಸ ಹೋಗುತ್ತದೆ, ವರ್ಗ ರದ್ದಾಗುತ್ತದೆ ಎಂದು ಕಾದೆ, ಆಗಲಿ ಎಂದೂ ಅನ್ನಿಸಿತ್ತು. ಅವರು ನಯವಾಗಿ ಉತ್ತರಿಸಿದರು. ಆ ಶೆಡ್ಡಿನ ಮಾಹಿತಿ ಕೈಬಿಡುತ್ತೇವೆ, ಮುಂದೆ ಪ್ರಶ್ನೆಗಳನ್ನು ಬಾಯಲ್ಲೇ ಹೇಳಿ ಉತ್ತರಿಸುವಂತೆ ಆ್ಯಪ್ ತಿದ್ದುತ್ತೇವೆ, ತಿಳಿಸಿದ್ದಕ್ಕೆ ಧನ್ಯವಾದ. ವರ್ಗ ಹಾಗೇ ಉಳಿಯಿತು. ಶಿಕ್ಷೆಯಾಗಿದ್ದರೆ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ.

ದಾದಾಪೀರ ಮಾತ್ರ ತಡಮಾಡಲಿಲ್ಲ. ಮುಂದಿನ ರಜೆಗೆ ಬಂದವನೇ ಹೆಂಡತಿಯನ್ನು ಹಾವೇರಿಯ ದವಾಖಾನೆಗೆ ಕರೆದೊಯ್ದು ಮನಸ್ಸಿನ ಡಾಕ್ಟರಿಗೆ ತೋರಿಸಿದ. ಮೊದಲೇ ಬಂದಿದ್ದರೆ ಮಾತಿನಲ್ಲೇ ಹೋಗುತ್ತಿತ್ತು, ಈಗ ಗುಳಿಗೆ ಬೇಕು, ನಿಧಾನವಾಗುತ್ತದೆ ಎಂದರಂತೆ. ಮೊದಲೇ ಎಂಬ ಆ ಮಾತನ್ನು ಅವನು ನನಗೆ ಯಾವ ಸಿಟ್ಟೂ ಇಲ್ಲದೆ ಹೇಳಿದ. ನಾನು ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆ ದಿನ ಗುಬ್ಬಿಯನ್ನು ತೆರೆಯುವ ಧೈರ್ಯವಾಗಲಿಲ್ಲ.

ಆಮೇಲೆ ಭಾನುವಾರಗಳಂದು ರಾಣೆಬೆನ್ನೂರಿನ ರೈಲು ಹತ್ತತೊಡಗಿದೆ. ಗುಳಿಗೆ ಹತ್ತುವವರೆಗೆ ಎಂದು ನೂರಜಹಾನ್ ತವರಿನಲ್ಲೇ ಉಳಿದಿದ್ದಳು, ಅದು ಒಂದೇ ಕೋಣೆಯ ಮನೆ. ಅವಳ ತಾಯಿ ಬೀಡಿ ಕಟ್ಟುತ್ತ ಒಳಗೆ ಕೂತಿರುತ್ತಾರೆ, ನಾವಿಬ್ಬರೂ ಹೊಸ್ತಿಲ ಮೇಲೆ. ಮೊದಲ ಭಾನುವಾರ ತಪ್ಪಾಯಿತು ಎಂದೆ.

"ಇರಲಿ ಬಿಡ್ರಿ ಅಕ್ಕಾ" ಎಂದಳು. "ನನ್ನದೂ ತಪ್ಪೈತಿ. ಎಲ್ಲಾರೂ ನಿದ್ದಿ ಬಂತು ಅಂದಾಗ ನಾ ಒಬ್ಬಾಕಿ ಬರಲಿಲ್ಲ ಅಂತ ಹೆಂಗ ಅನ್ನಲಿ? ಅಲ್ಲಿದ್ದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಷ್ಟ. ನನಗೇನೈತಿ? ಗಂಡ ಛಲೋ ಅದಾನ, ಅತ್ತಿ ಹೊಟ್ಟಿತುಂಬ ಹಾಕತಾಳ. ಕಾರಣ ಕೇಳಿದ್ರ ಏನ್ ಹೇಳೋದು?"

ಎರಡನೇ ಭಾನುವಾರ ಮತ್ತೆ ಅದನ್ನೇ ಹೇಳಿ ಅತ್ತೆ. ಅವಳು ಎದ್ದು ನೀರು ತಂದುಕೊಟ್ಟಳು. ಮೂರನೆಯ ಸಲ ಆಯೇಶಾಳನ್ನೂ ಕರೆದುಕೊಂಡು ಹೋಗಿದ್ದೆ. ಹುಡುಗಿ ಓಡಿ ಹೋಗಿ ಅಪ್ಪಿಕೊಳ್ಳುತ್ತಾಳೆ ಎಂದುಕೊಂಡರೆ, ನನ್ನ ಸೆರಗು ಹಿಡಿದು ಹಿಂದೆ ನಿಂತಳು. ತಾಯಿ ಕರೆದರೂ ಹೋಗಲಿಲ್ಲ, ಬಹಳ ಹೊತ್ತಿನ ಮೇಲೆ ಹೋಗಿ ಪಕ್ಕದಲ್ಲಿ ಕೂತಳು, ತೊಡೆಯ ಮೇಲಲ್ಲ. ನೂರಜಹಾನ್ ನಗುತ್ತಲೇ ಇದ್ದಳು. ನೋಡಲಾಗಲಿಲ್ಲ ನನಗೆ.

ಹೋದ ಭಾನುವಾರ ಒಬ್ಬಳೇ ಹೋದೆ. ವರ್ಗದ ವಿಷಯ ಅವಳಿಗೆ ಆಗಲೇ ಗೊತ್ತಾಗಿತ್ತು. ನಾನು ಹೋಗುವುದಿಲ್ಲ, ನೀನು ಮನೆಗೆ ವಾಪಸಾಗುವವರೆಗೂ ಬ್ಯಾಡಗಿಯಲ್ಲೇ ಇರುತ್ತೇನೆ, ಪ್ರತಿ ವಾರ ಬರುತ್ತೇನೆ ಎಂದೆ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದ ಮಾತು. ಹೇಳುವಾಗ ಮತ್ತೆ ಅಳು ಬಂತು. ಈ ಸಲ ಅವಳು ನೀರಿಗೆ ಏಳಲಿಲ್ಲ.

"ಅಕ್ಕಾ, ನೀವು ಬರ್ತೀರಿ, ಅಳ್ತೀರಿ. ನಾ ನೀರ ಕೊಡಬೇಕು, ಇರಲಿ ಬಿಡ್ರಿ ಅನಬೇಕು. ನೀವು ಹಗರಾಗಿ ರೈಲು ಹತ್ತತೀರಿ. ನಾ ಒಳಗ ಹೋಗಿ ಮಕ್ಕೋತೇನಿ, ಎರಡ ದಿನ ಏಳಾಕ ಆಗೂದಿಲ್ಲ." ದನಿ ಎತ್ತರಿಸದೆ, ಬೀದಿಯನ್ನೇ ನೋಡುತ್ತ ಹೇಳಿದಳು. "ನನ್ನ ನಾನ ಎತ್ತಿ ನಿಂದರಸೂದು ಆಗವಲ್ದು. ಇನ್ನ ನಿಮ್ಮನ್ನ ಎಲ್ಲಿಂದ ಎತ್ತಲಿ? ಹೋಗ್ರಿ ಅಕ್ಕಾ, ನಿಮ್ಮ ಊರಿಗೆ ಹೋಗ್ರಿ."

ಎರಡು ವರ್ಷದಲ್ಲಿ ಅವಳು ತನ್ನ ಬಾಯಿಂದ ನನಗೆ ಕೊಟ್ಟ ಮೊದಲ ಸರಿಯಾದ ಉತ್ತರ ಅದು. ಹೂಂ ಎಂದೆ. ಚಪ್ಪಲಿ ಮೆಟ್ಟಿಕೊಂಡು ಎದ್ದೆ.

ಈ ತಿಂಗಳ ಕೊನೆಗೆ ಕೊಳ್ಳೇಗಾಲಕ್ಕೆ ಬರುತ್ತಿದ್ದೇನೆ. ಅಮ್ಮ ಮನೆಗೆ ಸುಣ್ಣ ಹೊಡೆಸಿದ್ದಾಳಂತೆ, ಮಗಳು ಬರ್ತಾವಳೆ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಾಳಂತೆ. ಬಂದರೆ ಊರಿನವರಾದ ನೀವೆಲ್ಲ ನನ್ನನ್ನು ನೋಡಲು ಬರುತ್ತೀರಿ, ಅಲ್ಲಿಯವರು ಹೇಗೆ, ಮಾತು ಹೇಗೆ, ಊಟ ಹೇಗೆ ಎಂದು ಕೇಳುತ್ತೀರಿ. ಹೇಳುತ್ತೇನೆ. ರಾಣೆಬೆನ್ನೂರಿನ ಆ ಹೊಸ್ತಿಲ ಮೇಲೆ ನಾನು ಇನ್ನು ಕೂರುವಂತಿಲ್ಲ. ಅಮ್ಮನ ಮನೆಯಲ್ಲಿ ಎಲ್ಲಿ ಕೂತರೂ ಆ ಹೊಸ್ತಿಲ ಮೇಲೇ ಕೂತಿರುತ್ತೇನೆ ಎಂಬುದು ಈಗಲೇ ಗೊತ್ತು.